ಉಣುಗಿನ ಎಣ್ಣೆ

ಆರೋಗ್ಯ ಇಲಾಖೆಯವನನ್ನು ಕಾಯಿಲೆಯವರಿಗಿಂತ ಹೆಚ್ಚು ಸುಸ್ತು ಮಾಡುವವರು ಆರೋಗ್ಯವಂತರು. ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಕಾಲ ಬಂತೆಂದರೆ ನಾನು ಬೈಕಿಗೆ ಎಣ್ಣೆ ಬಾಟಲಿಗಳ ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತೇನೆ. ಪ್ರತಿ ಸಲವೂ ಏನಾದರೊಂದು ಆಗಿಯೇ ಆಗುತ್ತದೆ.

ಈ ಜ್ವರ ಮಂಗಕ್ಕೂ ಮನುಷ್ಯರಿಗೂ ಕಾಡಿನ ಉಣುಗು, ಅಂದರೆ ಉಣ್ಣೆಹುಳ, ಕಚ್ಚಿ ಬರುವುದು. ಉದುರಿದ ಒಣ ಎಲೆಯ ದರಕು ಗುಡಿಸಿ ತರಲು ಬೆಟ್ಟಕ್ಕೆ ಹೋಗುವವರು ಕೈಕಾಲಿಗೆ ಈ ಎಣ್ಣೆ ಸವರಿಕೊಂಡರೆ ಉಣುಗು ಹತ್ತುವುದಿಲ್ಲ. ಹಿಂದಿನ ವರ್ಷ ಒಬ್ಬರನ್ನು ಕಳೆದುಕೊಂಡಿದ್ದೆವು. ಅದಕ್ಕೇ ಈ ಸಲ ಬೆನ್ನು ಬಿಡದೆ ಹೇಳುತ್ತಿದ್ದೆ.

ಗೂಡು

ನಿಲ್ಕುಂದದ ಆಚೆಯ ಕೇರಿಯೊಂದರಲ್ಲಿ ಒಬ್ಬರು ಅಜ್ಜಿ. ಅವರು ಹೂಂ ಎಂದರೆ ಇಡೀ ಕೇರಿ ಹೂಂ. ಅವರಿಗೆ ಮೊದಲು ತಿಳಿಸಿ, ಮನೆಮನೆಗೂ ಬಾಟಲಿ ಕೊಟ್ಟು ಬಂದೆ. ವಾರ ಬಿಟ್ಟು ಹೋದರೆ ಅಜ್ಜಿಯ ಬಾಟಲಿ ದೇವರ ಗೂಡಿನ ಪಕ್ಕ ಕೂತಿದೆ, ಮುಚ್ಚಳ ಕೂಡ ತೆಗೆದಿಲ್ಲ. ಅಜ್ಜಿ ಮಾತ್ರ ಬೆಟ್ಟದಿಂದ ಬಂದು ದರಕಿನ ಹೊರೆ ಇಳಿಸುತ್ತಿದ್ದಾರೆ.

"ಒಳ್ಳೆ ಎಣ್ಣೆ ತಮಾ, ಸುಮ್ನೆ ಎಂತಕ್ಕೆ ಖರ್ಚು ಮಾಡದು? ಜ್ವರ ಬಂದ್ಮೇಲೆ ಹಚ್ಚಲೆ ಹೇಳಿ ತೆಗೆದಿಟ್ಟಿದ್ದಿ."

ಇದು ಜ್ವರ ಬರದಂತೆ ಹಚ್ಚುವ ಎಣ್ಣೆ ಎಂದು ತಿಳಿಸಿ ತಿಳಿಸಿ ಹೇಳಿದೆ. ಎಲ್ಲ ಕೇಳಿ, ಪಾಪ ಗಂಟಲು ಒಣಗಿತು ಎಂದು ಮುರುಗಲ ಪಾನಕ ಕೊಟ್ಟರು.

ಆಕಳು

ಮುಂದಿನ ಸಲ ಬಾಟಲಿ ಅರ್ಧ ಆಗಿತ್ತು. ಸದ್ಯ, ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಕೊಟ್ಟಿಗೆಯಿಂದ ಆಕಳು ಮಿರಮಿರ ಮಿಂಚುತ್ತಾ ಹೊರಗೆ ಬಂತು.

ಅಜ್ಜಿಗೆ ಸಂಕೋಚವೇನೂ ಇರಲಿಲ್ಲ. "ಉಣುಗು ಕಚ್ಚಿರೆ ನಂಗೆ ಹೇಳಲೆ ಬಾಯಿದ್ದು. ಅದಕ್ಕೆ ಇಲ್ಲೆ."

ಆಕಳಿಗೆ ಅದು ಸಾಕು, ಇದು ನಿಮಗೆ ಎಂದೆ. ಇನ್ನೊಂದು ಬಾಟಲಿ ಕೊಟ್ಟು ಎದ್ದೆ.

ಮಂಗ

ಸತ್ತ ಮಂಗ ಕಂಡರೆ ಮುಟ್ಟಬೇಡಿ, ಅದರ ಮೈಯ ಉಣುಗು ನಿಮಗೆ ಹತ್ತುತ್ತದೆ, ಮೊದಲು ನನಗೆ ಫೋನ್ ಮಾಡಿ ಎಂದು ಕೇರಿಯವರಿಗೆಲ್ಲ ಹೇಳಿದ್ದೆ. ಒಂದು ಬೆಳಿಗ್ಗೆ ಅಜ್ಜಿಯೇ ಫೋನ್ ಮಾಡಿದರು. ಮಂಗ ಸತ್ತಿದೆ, ಊಟಕ್ಕೆ ಬಾ ಎಂದರು.

ಮಂಗ ಎಲ್ಲಿ ಎಂದೆ. ನಿನ್ನೆಯೇ ಸುಟ್ಟಾಯಿತಂತೆ. ಹನುಮಂತನ ಕುಲ, ಬಿಟ್ಟುಬಿಡಲಿಕ್ಕಾಗುತ್ತದೆಯೇ? ಇಡೀ ಕೇರಿಯೇ ಕೂಡಿ ಸ್ನಾನ ಮಾಡಿಸಿ, ಹೂ ಹಾಕಿ ಕಳಿಸಿಕೊಟ್ಟಿದೆ. ಈವತ್ತು ಅದರ ಲೆಕ್ಕದಲ್ಲಿ ಪಾಯಸ.

ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು. ಅಂದಿನಿಂದ ಎರಡು ವಾರ ದಿನಾ ಬೆಳಿಗ್ಗೆ ಥರ್ಮಾಮೀಟರ್ ಹಿಡಿದು ಮನೆಮನೆ ತಿರುಗಿದೆ. ದೇವರು ದೊಡ್ಡವನು, ಒಬ್ಬರಿಗೂ ಜ್ವರ ಬರಲಿಲ್ಲ.

ಕೊನೆಯ ದಿನ ನೋಡುತ್ತೇನೆ, ಕೇರಿಯ ಬಾಟಲಿಗಳೆಲ್ಲ ಖಾಲಿ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಂತೂ ಮಂಗನನ್ನು ಮುಟ್ಟುವ ಮೊದಲು ಎಲ್ಲರೂ ಎಣ್ಣೆ ಹಚ್ಚಿಕೊಂಡಿರಲ್ಲ, ಅದೇ ನಿಮ್ಮನ್ನು ಉಳಿಸಿತು ಎಂದೆ.

ಅಜ್ಜಿ ನನ್ನನ್ನು ಕನಿಕರದಿಂದ ನೋಡಿದರು.

"ನಂಗ ಹಚ್ಚಿದ್ದಿಲ್ಲೆ ತಮಾ. ಇದ್ದಷ್ಟೂ ಮಂಗಕ್ಕೇ ಹಚ್ಚಿ ಮೀಸಿದ್ಯ. ಜ್ವರ ಬಂದವಕ್ಕೆ ಹೇಳಿ ಇಟ್ಟ ಎಣ್ಣೆ, ಮೊದ್ಲು ಬಂದದ್ದು ಅದಕ್ಕೇ ಅಲ್ದಾ?"