ಎಲೆ ಹಾಕಬೇಡಿ, ದೋಣಿಯಲ್ಲಿ ಬರುತ್ತಿದ್ದೇವೆ!

ಹಾಯಿದೋಣಿ ನಡೆಸುವುದು ಕಷ್ಟ ಎನ್ನುವವರು ಅದನ್ನು ನಡೆಸಿ ನೋಡದವರು ಎಂಬುದು ನನ್ನ ದೃಢ ಅಭಿಪ್ರಾಯವಾಗಿತ್ತು. ನಾನೂ ನಡೆಸಿ ನೋಡಿರಲಿಲ್ಲ, ಆ ಮಾತು ಬೇರೆ. ಟೀ ತೋಟ ಇಟ್ಟುಕೊಂಡು, ಈ ಬೆಟ್ಟದ ಗಾಳಿಯಲ್ಲೇ ತಲೆಗೂದಲು ಕಳೆದುಕೊಂಡವನಿಗೆ ಗಾಳಿಯ ಬಗ್ಗೆ ಯಾರಾದರೂ ಹೇಳಿಕೊಡಬೇಕೆ?

ನಮ್ಮ ಹಟ್ಟಿಯ ಕೆಳಗೆ ಡ್ಯಾಮಿನ ನೀರು ದೊಡ್ಡ ಕೆರೆಯಾಗಿ ನಿಂತಿದೆ. ಆಚೆ ದಡದಲ್ಲಿ ನನ್ನ ಹೆಂಡತಿ ಗಿರಿಜೆಯ ತಂಗಿ ಪಾರ್ವತಿಯ ಊರು. ಅವಳ ಮಗ ಮೋಹನ ನೀರಿನ ಹತ್ತಿರವೇ ಹೊಸ ಮನೆ ಕಟ್ಟಿಸಿದ್ದ. ಅಂದು ಗೃಹಪ್ರವೇಶ. ಬಸ್ಸಿನಲ್ಲಾದರೆ ಮಂಜೂರಿಗೆ ಹೋಗಿ, ಇನ್ನೊಂದು ಬಸ್ಸಿಗೆ ಕಾದು, ಬೆಟ್ಟವನ್ನೆಲ್ಲ ಸುತ್ತಬೇಕು. ಕಣ್ಣೆದುರಿಗೆ ಕಾಣುವ ಮನೆಗೆ ಇಷ್ಟು ಪ್ರದಕ್ಷಿಣೆಯೇ? ಪ್ರವಾಸಿಗರಿಗೆ ಕಾಟೇಜ್ ನಡೆಸುವ ಗೆಳೆಯ ರಾಜು ಒಂದು ಹಳೆಯ ಹಾಯಿದೋಣಿ ತಂದಿಟ್ಟಿದ್ದ. ಕೇಳಿದೆ. ಕೊಟ್ಟುಬಿಟ್ಟ!

ಇಲ್ಲಿ ನಮ್ಮ ಪದ್ಧತಿಯೊಂದನ್ನು ಹೇಳಬೇಕು. ಶುಭಕಾರ್ಯದಲ್ಲಿ ಚಿಕ್ಕವರು ತಲೆ ಬಗ್ಗಿಸುತ್ತಾರೆ, ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಆಮೇಲೆಯೇ ಊಟ. ಆ ಮನೆಗೆ ಅಂದು ಹಿರಿಯರು ನಾನು ಮತ್ತು ಗಿರಿಜೆ. ಹಾಗಾಗಿ ಪಾರ್ವತಿಗೆ ಫೋನ್ ಮಾಡಿ ಗಂಭೀರವಾಗಿ ಅಪ್ಪಣೆ ಕೊಟ್ಟೆ: "ನಾವು ಬರೋವರೆಗೆ ಎಲೆ ಹಾಕಬೇಡ. ದೋಣಿಯಲ್ಲಿ ಬರ್ತಿದ್ದೇವೆ!"

ದೋಣಿಯಲ್ಲಿ ಎರಡು ಹುಟ್ಟುಗಳಿದ್ದವು. ಹಾಯಿದೋಣಿಗೆ ಹುಟ್ಟು ಅವಮಾನ ಎಂದು ಅವನ್ನು ದಡದಲ್ಲೇ ಇಳಿಸಿದೆ. ಆ ಜಾಗದಲ್ಲಿ ಗಿರಿಜೆ ಕರಿದಿದ್ದ ಸಿಹಿತಿಂಡಿ ತುಪ್ಪದಿಟ್ಟಿನ ಬುಟ್ಟಿ ಕೂತಿತು. ಉಡುಗೊರೆಯ ಹಿತ್ತಾಳೆ ತಟ್ಟೆಯೂ ಕೂತಿತು. ನಮ್ಮ ಹೆಂಗಸರು ಶುಭಕಾರ್ಯಕ್ಕೆ ಉಡುವ ಬಿಳಿ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ಗಿರಿಜೆ ಕೇಳಿದಳು: "ಗಾಳಿ ನಿಂತುಹೋದರೆ?"

"ನಮ್ಮ ಬೆಟ್ಟದಲ್ಲಿ ಗಾಳಿ ನಿಲ್ಲೋದಾ?"

ಕೆರೆಯ ನಡುವಿನವರೆಗೆ ತೆಳ್ಳನೆಯ ಗಾಳಿ ನಮ್ಮನ್ನು ರಾಜ ಮರ್ಯಾದೆಯಿಂದ ಕರೆದೊಯ್ದಿತು. ಅಲ್ಲಿ ನಿಂತಿತು! ಹಾಯಿ ಒಣಗಲು ಹಾಕಿದ ಬಟ್ಟೆಯ ಹಾಗೆ ಜೋತುಬಿತ್ತು. ನೀರಿನಲ್ಲಿ ಒಂದು ಸುಕ್ಕಿಲ್ಲ. ನಾನು ಹಗ್ಗವನ್ನು ಎಡಕ್ಕೆಳೆದೆ, ಬಲಕ್ಕೆಳೆದೆ, ಕೊನೆಗೆ ಹಾಯಿಯನ್ನು ಬಾಯಿಂದ ಊದಿಯೂ ನೋಡಿದೆ.

ಫೋನ್ ಬಂತು. "ಬಾವ, ಎಲ್ಲಿದ್ದೀರಿ?" ಪಾರ್ವತಿ.

"ಇಲ್ಲೇ. ಕಾಣ್ತಿಲ್ಲವಾ?"

"ಕಾಣ್ತಿದ್ದೀರಿ. ಆಗಲೂ ಅಲ್ಲೇ ಕಾಣ್ತಿದ್ರಿ. ಸೀಕ್ರ ಬನ್ನಿ, ಜನ ಹಸಿದಿದ್ದಾರೆ."

ದಡದ ಮೇಲೆ ಊರಿಗೆ ಊರೇ ನಿಂತು ನಮ್ಮನ್ನು ನೋಡುತ್ತಿತ್ತು. "ಹಾಗಾದರೆ ಫೋನನ್ನೇ ಮೋಹನನ ತಲೆ ಮೇಲಿಡು, ಇಲ್ಲಿಂದಲೇ ಹರಸ್ತೀನಿ" ಎಂದೆ.

"ಅದೆಲ್ಲ ಆಗೋದಿಲ್ಲೆ ಬಾವ. ಕೈ ಬೇಕು."

ಇತ್ತ ಗಿರಿಜೆ ಬುಟ್ಟಿ ಬಿಚ್ಚಿ ತುಪ್ಪದಿಟ್ಟು ತಿನ್ನತೊಡಗಿದ್ದಳು. "ಅಯ್ಯೋ, ಆಚೆ ತಿರುಗಿ ತಿನ್ನು! ಹಸಿದವರು ನೋಡ್ತಾರೆ!"

"ನೋಡಲಿ. ಅವರ ಹಸಿವೂ ನಿಮ್ಮಿಂದ, ನನ್ನ ಹಸಿವೂ ನಿಮ್ಮಿಂದ. ನೀವೂ ತಿನ್ನಿ."

"ಹರಸೋವರೆಗೆ ನಾನು ಮುಟ್ಟೋದಿಲ್ಲ" ಎಂದೆ. ಉಳಿದಿದ್ದ ಮರ್ಯಾದೆ ಅದೊಂದೇ.

ಅವಳು ನಕ್ಕಳು. ಬಿಸಿಲು ಹಿತವಾಗಿತ್ತು, ತೋಟಗಳು ನೀರಿನಲ್ಲಿ ತಲೆಕೆಳಗಾಗಿ ನಿಂತಿದ್ದವು. "ಮದುವೆಯಾದ ಮೇಲೆ ನೀವು ಇಷ್ಟು ಹೊತ್ತು ನನ್ನ ಹತ್ತಿರ ಒಂದೇ ಕಡೆ ಕೂತಿದ್ದು ಇದೇ ಮೊದಲು" ಎಂದಳು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ದಡ ಸೇರುವ ಅವಸರವೇ ಹೋಯಿತು. ಅವಳಿಗೆ ಹೋಗಲಿಲ್ಲ. ಹಿತ್ತಾಳೆ ತಟ್ಟೆಯ ಬಣ್ಣದ ಕಾಗದವನ್ನು ಪರಪರನೆ ಹರಿದು, ತಟ್ಟೆಯನ್ನು ನೀರಿಗೆ ಹಾಕಿ ಹುಟ್ಟು ಹಾಕತೊಡಗಿದಳು. ನಾನು ಮಾರ್ಗದರ್ಶನ ನೀಡಿದೆ.

ಅಂತೂ ದಡ ಹತ್ತಿರವಾಯಿತು. ಹಸಿದ ಜನ ಒಂದು ಕ್ಷಣವನ್ನೂ ವ್ಯರ್ಥ ಮಾಡಲು ಸಿದ್ಧರಿರಲಿಲ್ಲ. ಮೋಹನ ಮತ್ತು ಅವನ ಹೆಂಡತಿಯನ್ನು ನೀರಿನ ಅಂಚಿಗೇ ತಂದು ನಿಲ್ಲಿಸಿದರು. "ದೊಡ್ಡಪ್ಪ, ಹರಸಿ" ಎಂದು ಇಬ್ಬರೂ ತಲೆ ಬಗ್ಗಿಸಿದರು. ಬಗ್ಗಿದ ತಲೆಯನ್ನು ಕಾಯಿಸುವುದುಂಟೆ? ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದ ಕಲ್ಲಿನ ಮೇಲೆ ಇಟ್ಟು, ಕೈಗಳನ್ನು ಚಾಚಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: "ನಿಮ್ಮ ಬಾಳು ಅಲುಗಾಡದೆ, ಸ್ಥಿರವಾಗಿ..."

ಗಾಳಿ ಬಂತು!

ಅದೂ ಬೆಟ್ಟದ ಮೇಲಿಂದ, ದಡದ ಕಡೆಯಿಂದ. ಇಳಿಸಲು ಮರೆತಿದ್ದ ಹಾಯಿ ಹೊಟ್ಟೆ ಉಬ್ಬಿಸಿತು. ದೋಣಿ ಹೊರಟಿತು, ಅದರೊಂದಿಗೆ ನನ್ನ ಎಡಗಾಲೂ ಹೊರಟಿತು. "ಸ್ಥಿರವಾಗಿ ನಿಲ್ಲಲಿ" ಎಂಬ ಮಾತನ್ನು ಸೊಂಟದುದ್ದ ನೀರಿನಲ್ಲಿ ಕೂತು ಮುಗಿಸಿದೆ. ಮೋಹನ ನನ್ನನ್ನು ಎಳೆದು ಮೇಲೆ ಹಾಕುವಷ್ಟರಲ್ಲಿ ಗಿರಿಜೆ ಬುಟ್ಟಿ ಸಮೇತ ಕೆರೆಯ ನಡುವೆ ಇದ್ದಳು. ದೋಣಿ ಎಷ್ಟು ಚೆಂದ ಹೋಗುತ್ತಿತ್ತೆಂದರೆ ಜನ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಅವಳು ಆಚೆ ದಡ ಮುಟ್ಟುವವರೆಗೆ ಉಸಿರು ಬರಲಿಲ್ಲ.

ಮೋಹನನ ಹೊಸ ಪಂಚೆ ಉಟ್ಟು, ಗಡಗಡ ನಡುಗುತ್ತಾ ಎಲೆಯ ಮುಂದೆ ಕೂರುವ ಹೊತ್ತಿಗೆ ಪಾರ್ವತಿಗೆ ಫೋನ್ ಬಂತು. ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು.

"ಬಂದು ಮುಟ್ಟಿದೆ" ಎಂದಳು ಗಿರಿಜೆ. "ನೀವು ಇಲ್ಲದಿದ್ದರೆ ದೋಣಿ ಚೆನ್ನಾಗಿಯೇ ಹೋಗುತ್ತೆ. ಈಗ ಬಸ್ಸಲ್ಲಿ ಬರ್ತೀನಿ. ನಾನೂ ಹರಸಬೇಕಲ್ಲ? ಅಲ್ಲಿವರೆಗೆ ಎಲೆ ಹಾಕಬೇಡಿ ಅಂತ ಹೇಳಿ!"

ಪಾರ್ವತಿ ನನ್ನ ಮುಂದಿನ ಎಲೆ ಎತ್ತಿಕೊಂಡು ಹೋದಳು. ಮಂಜೂರಿನ ಬಸ್ಸು ಬರುವವರೆಗೆ ಆ ಮನೆಯಲ್ಲಿ ಯಾರ ಮುಂದೆಯೂ ಎಲೆ ಬೀಳಲಿಲ್ಲ. ಬುಟ್ಟಿ ಕೈಗೆಟುಕುವಂತಿದ್ದರೂ ಬೆಳಗಿನಿಂದ ಒಂದು ತುಪ್ಪದಿಟ್ಟನ್ನೂ ಮುಟ್ಟದೆ ಮರ್ಯಾದೆ ಉಳಿಸಿಕೊಂಡಿದ್ದವನು ಅಲ್ಲಿ ನಾನೊಬ್ಬನೇ.