ಭಾವನವರ ಕಣ್ಣು ತಾಗಿದ ಬ್ಯಾಂಡು

ನಮ್ಮ ಬ್ರಹ್ಮಚಾರಿ ಭಾವನವರಿಗೆ ಗ್ಲಾಸ್ಗೋದಲ್ಲೊಂದು ಸಂಸಾರವಿದೆ ಅಂದರೆ ನಂಬುತ್ತೀರಾ? ಗಾಬರಿಯಾಗಬೇಡಿ! ಆ ಸಂಸಾರದಲ್ಲಿರುವವರು ಒಬ್ಬ ಹಾಡುಗಾರ್ತಿ, ಇಬ್ಬರು ಗಿಟಾರಿನವರು, ಒಬ್ಬ ಕೀಬೋರ್ಡಿನವಳು ಮತ್ತು ಆಗಾಗ ಬದಲಾಗುವ ಒಬ್ಬ ಡ್ರಮ್ಮಿನವನು. ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡುವ, ಸ್ಕಾಟ್ಲೆಂಡಿನ ಇಂಡಿ ಪಾಪ್ ಬ್ಯಾಂಡು! ಲಂಡನ್ನಿನ ಈಸ್ಟ್ ಹ್ಯಾಮ್‌ನ ಹೋಟೆಲಿನಲ್ಲಿ ದೋಸೆ ಹೊಯ್ಯುವ ನಮ್ಮ ಭಾವ ಯಾರೆಂದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅದಕ್ಕೆ ಭಾವನವರಿಗೇನೂ ಬೇಸರವಿಲ್ಲ.

ಭಾವ ಅಂದರೆ ನನ್ನ ಗಂಡನ ಅಣ್ಣ, ಕುಂದಾಪುರದವರು. ನಮ್ಮ ಫ್ಲ್ಯಾಟಿನಲ್ಲೇ ಇರುತ್ತಾರೆ. ಲಂಡನ್ನಿಗೆ ಬಂದ ಹೊಸತರಲ್ಲಿ, ಹೋಟೆಲಿನ ಅಡುಗೆಮನೆಯ ರೇಡಿಯೊದಲ್ಲಿ ಈ ಬ್ಯಾಂಡಿನ ಹಾಡು ಕೇಳಿ ದೋಸೆ ಸೀಯಿಸಿದರಂತೆ. ಅಲ್ಲಿಂದ ಶುರು. ಅವರ ಹಾಡು, ಸಂದರ್ಶನ, ಹರಟೆ ಕೇಳಿ ಕೇಳಿಯೇ ಇಂಗ್ಲಿಷ್ ಕಲಿತರು. ಪರಿಣಾಮ ಏನಾಗಬೇಕು ಹೇಳಿ! ಸ್ಕಾಟಿಷರ ಹಾಗೆ ಯೆಸ್ ಅನ್ನುವ ಕಡೆ ‘ಆಯ್’, ಚಿಕ್ಕದು ಅನ್ನಬೇಕಾದಲ್ಲೆಲ್ಲ ‘ವೀ’. ಒಮ್ಮೆ ಜಿಪಿ ಹತ್ತಿರ ಮಂಡಿನೋವು ಹೇಳಿಕೊಳ್ಳುತ್ತಿದ್ದಾಗ ಆ ಡಾಕ್ಟರಮ್ಮ ಖುಷಿಯಾಗಿ, ನೀವು ಸ್ಕಾಟ್ಲೆಂಡಿನಲ್ಲಿ ಯಾವ ಊರಿನವರು ಎಂದು ಕೇಳಿದರು. ಇವರು ಗಂಭೀರವಾಗಿ, ‘ಕುಂದಾಪುರ’ ಅಂದರು.

ಬ್ಯಾಂಡಿನ ಚರಿತ್ರೆಯೇ ನಮ್ಮ ಮನೆಯ ಚರಿತ್ರೆ. ಅವರು ಚರ್ಚಿನ ಹಾಲ್‌ನಲ್ಲಿ ಕೂತು ಮಾಡಿದ ಮೊದಲ ಆಲ್ಬಮ್ ಬಂದಾಗ ನನ್ನ ಮದುವೆ. ಎರಡನೆಯದು ಹೆಸರು ಮಾಡಿದಾಗ ಮಗಳು ಹುಟ್ಟಿದಳು. ಪ್ರತಿ ರೆಕಾರ್ಡಿಗೂ ಅರಿಶಿನ ಕುಂಕುಮ. ಆಯುಧಪೂಜೆಯ ದಿನ ಗ್ರೈಂಡರಿನ ಪಕ್ಕದಲ್ಲಿ ಆಸನ! ಮೂರನೆಯದನ್ನು ದೊಡ್ಡ ಕಂಪನಿಗೆ ಮಾಡಿದರು, ಯಂತ್ರದ ತಾಳ ಸೇರಿಸಿದರು. ಭಾವ ಕೇಳಿ ಮುಖ ಸಿಂಡರಿಸಿದರು. ‘ಮಿಕ್ಸಿಯಲ್ ರುಬ್ಬಿದ್ ಹಿಟ್ಟಿನ್ ಹಾಂಗಿತ್ತ್ ಮಾರಾಯ್ತಿ.’

ಆ ಆಲ್ಬಮ್ ಬಿದ್ದೇಹೋಯಿತು. ಡ್ರಮ್ಮಿನವನು ಜಗಳವಾಡಿ ಹೊರಟ. ‘ಮನೆ ಪಾಲಾಯ್ತ್’ ಎಂದು ಭಾವ ತಲೆ ಮೇಲೆ ಕೈಹೊತ್ತು ಕೂತರು. ಹೋಟೆಲಿನ ಸಾಂಬಾರಿಗೆ ಆ ದಿನ ಉಪ್ಪೇ ಬೀಳಲಿಲ್ಲ. ಆಮೇಲೆ ಉಳಿದವರು ಮತ್ತೆ ಚಿಕ್ಕ ಕಂಪನಿಗೇ ಬಂದು ನಾಲ್ಕನೆಯದನ್ನು ತಂದರು ನೋಡಿ, ಭಾವ ಕುಣಿದಾಡಿಬಿಟ್ಟರು. ‘ಇದ್ ಕಲ್ಲಲ್ ರುಬ್ಬಿದ್ದ್!’

ಆ ಖುಷಿಯಲ್ಲೇ ಅನಾಹುತವಾದದ್ದು. ಲಂಡನ್ನಿನ ಕಾರ್ಯಕ್ರಮಕ್ಕೆ ನಮ್ಮನ್ನೂ ಎಳೆದುಕೊಂಡು ಹೋದರು. ಹಾಡುಗಾರ್ತಿ ಮೇಲಿನ ಸ್ವರ ಹಿಡಿದಾಗ ತಡೆಯಲಾರದೆ ಎದ್ದು ನಿಂತು, ‘ಅಬ್ಬಬ್ಬಾ, ಎಂಥಾ ಸ್ವರ ಮಾರಾಯ್ತಿ!’ ಎಂದು ಕೂಗಿಬಿಟ್ಟರು. ಕೆಲವೇ ದಿನಗಳಲ್ಲಿ ಸುದ್ದಿ ಬಂತು: ಅವಳ ಗಂಟಲಿಗೆ ಆಪರೇಷನ್, ಮತ್ತೆ ಹಾಡುವುದೇ ಅನುಮಾನ.

‘ನನ್ನ್ ಕಣ್ಣೇ ಬಿದ್ದದ್ದ್’ ಅಂದರು ಭಾವ.

‘ಅಲ್ಲಿ ಅಷ್ಟೊಂದು ಜನ ಇದ್ರಲ್ಲ ಭಾವ, ನಿಮ್ಮದೇ ಯಾಕೆ ಬೀಳುತ್ತೆ?’

‘ಅವ್ರ್ ಬರೀ ಚಪ್ಪಾಳೆ ತಟ್ಟಿದ್ದ್. ಬಾಯ್ ಬಿಟ್ಟ್ ಹೊಗಳಿದ್ದ್ ಯಾರ್?’

ಮರುದಿನ ನಾನು ಕ್ಯಾನರಿ ವಾರ್ಫಿನ ಆಫೀಸಿನಿಂದ ಬಂದರೆ ನಮ್ಮ ಕಟ್ಟಡದವರೆಲ್ಲ ರಸ್ತೆಯಲ್ಲಿ ನಿಂತು ಕೆಮ್ಮುತ್ತಿದ್ದಾರೆ, ಫೈರ್ ಎಂಜಿನ್ ಬಂದಿದೆ, ಅಲಾರಮ್ ಬಡಿದುಕೊಳ್ಳುತ್ತಿದೆ. ಭಾವ ರೆಕಾರ್ಡಿನ ಮೇಲಿದ್ದ ಹಾಡುಗಾರ್ತಿಯ ಚಿತ್ರಕ್ಕೆ ಉಪ್ಪು, ಒಣಮೆಣಸು ನಿವಾಳಿಸಿ ಸುಟ್ಟಿದ್ದರು! ಫೈರ್ ಬ್ರಿಗೇಡಿನವನು, ಒಳಗೆ ಅಡುಗೆ ನಡೆಯುತ್ತಿತ್ತೇ ಎಂದು ಕೇಳಿದ. ‘ನೋ ನೋ, ಎ ವೀ ಪೂಜೆ’ ಅಂದರು ಭಾವ. ಆಮೇಲೆ ನನ್ನ ಕಿವಿಯಲ್ಲಿ, ‘ಘಾಟೇ ಬರ್ಲಿಲ್ಲ ಕಾಣ್, ದೃಷ್ಟಿ ಆದ್ದ್ ಸತ್ಯ’ ಅಂದರು. ಇಡೀ ಬೀದಿ ಕಣ್ಣೊರೆಸಿಕೊಳ್ಳುತ್ತಿತ್ತು. ನನಗೆ ಎಲ್ಲಿತ್ತೋ ಸಿಟ್ಟು! ಇನ್ನು ಈ ಮನೆಯಲ್ಲಿ ಒಂದು ಮೆಣಸು ಸುಟ್ಟರೂ ನಾನಿರೋದಿಲ್ಲ ಎಂದು ಹಾರಾಡಿದೆ.

ಅಂದಿನಿಂದ ಭಾವ ಹೊಗಳುವುದನ್ನೇ ಬಿಟ್ಟರು. ಏನು ಕೊಟ್ಟರೂ, ಏನು ತೋರಿಸಿದರೂ ‘ಅಡ್ಡಿಲ್ಲ’. ನನ್ನ ಸಾರು ಅಡ್ಡಿಲ್ಲ, ಅದು ಹೋಗಲಿ. ಶಾಲೆಯ ವೃಂದಗಾನದಲ್ಲಿ ಮಗಳು ಒಂಟಿಯಾಗಿ ಹಾಡಲು ಆಯ್ಕೆಯಾಗಿ, ಓಡಿಬಂದು ದೊಡ್ಡಪ್ಪನ ಎದುರು ಹಾಡಿದಳು. ಮೊದಲಾದರೆ ಎತ್ತಿ ಕುಣಿಸುತ್ತಿದ್ದ ದೊಡ್ಡಪ್ಪ ಗೋಡೆ ನೋಡುತ್ತಾ ‘ಅಡ್ಡಿಲ್ಲ’ ಅಂದರು. ಅವಳ ಮುಖ ಬಾಡಿಹೋಯಿತು. ‘ದೊಡ್ಡಪ್ಪ ಡಸಂಟ್ ಲೈಕ್ ಮೈ ವಾಯ್ಸ್ ಎನಿಮೋರ್’ ಅಂದವಳು ಮನೆಯಲ್ಲಿ ಹಾಡುವುದನ್ನೇ ನಿಲ್ಲಿಸಿದಳು.

ಕೊನೆಗೆ ಒಂದು ದಿನ ಬ್ಯಾಂಡು ಲಂಡನ್ನಿನಲ್ಲಿ ಮತ್ತೆ ಹಾಡುವ ಸುದ್ದಿ ಬಂತು. ಸ್ವರ ಏಳುತ್ತದೋ ಇಲ್ಲವೋ ಹಾಡುಗಾರ್ತಿಗೇ ಗೊತ್ತಿಲ್ಲವಂತೆ. ಭಾವ ನಮಗೆಲ್ಲ ಟಿಕೆಟ್ ತಂದರು, ಇಸ್ತ್ರಿ ಅಂಗಿ ಹಾಕಿದರು, ಹಾಲ್‌ನ ಬಾಗಿಲಿನವರೆಗೂ ಬಂದರು. ಅಲ್ಲಿ ಕಂಬದ ಹಾಗೆ ನಿಂತುಬಿಟ್ಟರು.

‘ನೀವ್ ಹೋಯ್ನಿ. ನಾನ್ ಒಳಗ್ ಬತ್ತಿಲ್ಲೆ.’

‘ಇದೇನ್ ಭಾವ! ಇಷ್ಟು ದೂರ ಬಂದು?’

‘ನಾನ್ ಕಂಡ್ರೆ ಬಾಯ್ ಸುಮ್ನಿರುದಿಲ್ಲ. ಪ್ರೀತಿ ಇದ್ದೋರ್ ಕಣ್ಣೇ ಮೊದ್ಲ್ ತಾಗೂದ್. ಮನೆಯಲ್ ಮಗು ಹಾಡ್ವತಿಗೆ ಅಡ್ಡಿಲ್ಲ ಅಂದ್ ಸುಮ್ನಿಪ್ಪುಕೆ ಎಷ್ಟ್ ಕಷ್ಟ ಗೊತ್ತಿತಾ? ಇವ್ಳ್ ಸ್ವರ ಹೋಯ್ತ್. ಮಗಿನ್ ಸ್ವರವೂ ಹೋದ್ರೆ?’

ಮಗಳು ದೊಡ್ಡಪ್ಪನನ್ನು ದಿಟ್ಟಿಸಿ ನೋಡಿದಳು.

ಒಳಗೆ ದೀಪ ಆರಿತು. ಹಾಡುಗಾರ್ತಿ ಮೈಕು ಹಿಡಿದಾಗ ನಾನೂ ದೇವರನ್ನು ನೆನೆದೆ, ಸುಳ್ಳೇಕೆ ಹೇಳಲಿ! ಸ್ವರ ಮೊದಲು ತುಸು ತಡವರಿಸಿತು, ಸ್ವಲ್ಪ ದಪ್ಪವಾಗಿತ್ತು. ಆಮೇಲೆ ಸಲೀಸಾಗಿ ಮೇಲೇರಿತು. ಮಗಳು ನನ್ನ ಕೈ ಬಿಡಿಸಿಕೊಂಡು ಹೊರಗೆ ಓಡಿದಳು. ‘ದೊಡ್ಡಪ್ಪ, ಶಿ ಡಿಡ್ ಇಟ್! ಶಿ ಕ್ಯಾನ್ ಸಿಂಗ್!’ ಬಾಗಿಲಾಚೆ ಭಾವ ನೆಲದ ಮೇಲೆ ಕುಸಿದು ಕೂತು, ಇಸ್ತ್ರಿ ಅಂಗಿಯಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ‘ಬದ್ಕ್‌ದೆ ಮಾರಾಯ್ತಿ, ಬದ್ಕ್‌ದೆ’ ಅಂದರು.

ಮರುದಿನ ಮಧ್ಯಾಹ್ನ ಮಗಳು ತಾನಾಗಿಯೇ ಬಂದು ದೊಡ್ಡಪ್ಪನ ಎದುರು ನಿಂತು ಶಾಲೆಯ ಆ ಹಾಡನ್ನೇ ಹಾಡಿದಳು. ಭಾವ ಗೋಡೆ ನೋಡಿದರು, ಚಾವಣಿ ನೋಡಿದರು. ಕೊನೆಗೆ ತಡೆಯಲಾಗಲಿಲ್ಲ.

‘ಎಂಥಾ ಚಂದ ಹಾಡ್ತೆ ಮಗಾ!’

ಅಂದವರೇ ಬಾಯಿಗೆ ಕೈ ಅಡ್ಡ ಹಿಡಿದು, ಹೆದರಿದ ಕಣ್ಣುಗಳಿಂದ ನನ್ನ ಕಡೆ ನೋಡಿದರು.

ನಾನು ಎದ್ದು ಹೋಗಿ ಮನೆಯ ಕಿಟಕಿಗಳನ್ನೆಲ್ಲ ತೆರೆದೆ. ಮಗಳನ್ನು ಕೂರಿಸಿ, ಹಾಡುಗಾರ್ತಿಯ ಚಿತ್ರವಿದ್ದ ರೆಕಾರ್ಡನ್ನು ಅವಳ ತೊಡೆಯ ಮೇಲಿಟ್ಟೆ. ಡಬ್ಬದಿಂದ ಒಂದು ಹಿಡಿ ಉಪ್ಪು, ಒಣಮೆಣಸು ತಂದು ಭಾವನವರ ಕೈಗೆ ಕೊಟ್ಟು, ‘ಇಬ್ಬರಿಗೂ ಒಟ್ಟಿಗೇ ತೆಗೀರಿ ಭಾವ’ ಅಂದೆ.