ಸಾಲಿನಲ್ಲಿ ಮೊದಲು ನಿಂತದ್ದು ತೆಂಗಿನಕಾಯಿ

ಓಟಿನ ಡ್ಯೂಟಿಗೆ ಹೋದವರು ನಗದೆ ವಾಪಸು ಬಂದದ್ದೇ ಇಲ್ಲ ಎಂದು ನನಗೆ ಮೊದಲು ಹೇಳಿದವರು ನಮ್ಮ ಶಾಲೆಯ ಹೆಡ್‌ಮಿಸ್ಸು. "ಹೆದರಬೇಡ ಕಣೇ, ಬೆರಳಿಗೆ ಶಾಯಿ ಹಚ್ಚೋದು ತಾನೆ!" ಎಂದು ಹೊನ್ನವಳ್ಳಿ ಕಡೆಯ ಬಸ್ಸು ಹತ್ತಿಸಿದರು. ಪಂಚಾಯ್ತಿ ಚುನಾವಣೆ, ನನ್ನ ಮೊದಲ ಡ್ಯೂಟಿ.

೧. ಸಾಲು

ಬೆಳಗ್ಗೆ ಬೂತಿನ ಬಾಗಿಲು ತೆರೆದರೆ ಹೊರಗೆ ನರಪಿಳ್ಳೆ ಇಲ್ಲ. ಜಗಲಿಯಿಂದ ಗೇಟಿನವರೆಗೆ ಸಾಲಾಗಿ ತೆಂಗಿನಕಾಯಿ! ಬೂತಿನ ಅಧಿಕಾರಿ, ನಮ್ಮ ಸಾಹೇಬರು, ಬೆವೆತರು. "ಏನ್ರೀ ಇದು, ಮಾಟಗೀಟ ಮಾಡಿಸಿದಾರಾ?"

"ಜಾಗ ಹಿಡಿದವ್ರೆ ಸಾ. ತೋಟದ ಕೆಲಸ ಮುಗಿಸಿ ಬತ್ತಾರೆ" ಎಂದ, ಅಭ್ಯರ್ಥಿಯ ಕಡೆಯಿಂದ ಒಳಗೆ ಕೂತಿದ್ದ ಊರಿನ ಏಜೆಂಟು.

"ಯಾವ ಕಾಯಿ ಯಾರದು ಅಂತ ಹೇಗ್ರೀ ಗೊತ್ತಾಗೋದು?"

"ನಿಮ್ ಮಕ್ಳ ಮಕ ನಿಮಗೆ ಗೊತ್ತಾಗಾಕಿಲ್ವಾ ಸಾ?"

೨. ಬೆರಳು

ಜನ ಬಂದು ಕೂಡಿದರೂ ಯಾರೂ ಮುಂದೆ ಬರಲಿಲ್ಲ. ಮೊದಲನೇ ಕಾಯಿಯ ಒಡತಿ ಬರಬೇಕಲ್ಲ! ಗಂಟೆ ಕಳೆದ ಮೇಲೆ ಎಪ್ಪತ್ತು ದಾಟಿದ ಅಜ್ಜಿಯೊಂದು ಏದುಸಿರು ಬಿಡುತ್ತಾ ಓಡಿ ಬಂತು.

"ಹೋದ್ಸಲ ನಾನು ಬರೋ ಹೊತ್ಗೆ ನನ್ ಓಟು ಯಾವನೋ ಹಾಕ್ಬುಟ್ಟಿದ್ದ. ಈ ಸಲ ಬುಡಾಕಿಲ್ಲ ಕಣವ್ವ" ಎಂದು ನನ್ನ ಮುಂದೆ ಕೈ ಚಾಚಿತು. ಹತ್ತು ಬೆರಳೂ ಕಪ್ಪು!

"ಸಾ, ಪಕ್ಕದ ಬೂತಲ್ಲಿ ಹಾಕ್ಬುಟ್ಟು ಬಂದೈತೆ!" ಏಜೆಂಟು ಬೆರಳು ತೋರಿಸಿ ಎದ್ದು ನಿಂತ. ಸಾಹೇಬರು ಓಟಿನ ಚೀಟಿ ಹಿಂದಕ್ಕೆ ಎಳೆದುಕೊಂಡರು. ಅಜ್ಜಿಯ ಮುಖ ಇಳಿದುಹೋಯಿತು. ಒಂದೇ ಕ್ಷಣ, ಅಷ್ಟೇ.

"ಕಾಯಿ ಸುಲಿದ ಕರೆ ಕಣ್ಲಾ ಇದು! ಹತ್ತು ಬೆಟ್ಟೂ ಕಪ್ಪೈತೆ, ಹತ್ತು ಓಟು ಹಾಕಿದ್ನಾ? ನನ್ ಕಡೆ ತೋರಿಸ್ತಿದೀಯಲ್ಲ, ಆ ಬೆಟ್ಟು ನೋಡ್ಕೋ ಮೊದ್ಲು!"

ಏಜೆಂಟಿನ ಬೆರಳೂ ಇದ್ದಿಲು. ಹೊರಗೆ ಸಾಲಿಗೆ ಸಾಲೇ ಕೈ ಎತ್ತಿ ತೋರಿಸಿತು: ಎಲ್ಲವೂ ಕಪ್ಪು. "ಹಾಗೆ ನೋಡಿದರೆ ಊರಿಗೂರೇ ಓಟು ಹಾಕಿ ಆಗಿದೆ" ಎಂದು ನಗುತ್ತಾ ಸಾಹೇಬರು ಚೀಟಿ ಕೊಟ್ಟರು. ಶಾಯಿಯನ್ನು ಉಗುರಿನ ಮೇಲೆ ಹಚ್ಚಿದೆ. ಆ ಬೂತಿನಲ್ಲಿ ಬೆಳ್ಳಗಿದ್ದ ಬೆರಳು ಸಾಹೇಬರವು, ನನ್ನವು ಮಾತ್ರ. ಮಧ್ಯಾಹ್ನದ ಹೊತ್ತಿಗೆ ಶಾಯಿ ಮೆತ್ತಿ ನನ್ನವೂ ಊರಿನವರ ಬೆರಳಂತಾದವು.

೩. ಪೆಟ್ಟಿಗೆ

ಅಜ್ಜಿ ಮುದ್ರೆ ಒತ್ತಿ, ಚೀಟಿ ಮಡಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸೀದಾ ಬಾಗಿಲ ಕಡೆ ಹೊರಟಿತು!

"ಅಜ್ಜೀ, ಪೆಟ್ಟಿಗೆಗೆ ಹಾಕ್ಬೇಕು!"

"ಹೋದ್ಸಲ ಕಳ್ಕೊಂಡೆ. ಈ ಸಲ ಯಾರ್ ಕೈಗೂ ಕೊಡಾಕಿಲ್ಲ. ಮನೇಲಿಟ್ಕೋತೀನಿ."

"ಪೆಟ್ಟಿಗೆಗೆ ಬಿದ್ರೇನೇ ಅಜ್ಜಿ ಅದು ಓಟು. ಹೊರಗೆ ಹೋದ್ರೆ ಬರೀ ಕಾಗದ" ಎಂದು ನಾನು ಪೆಟ್ಟಿಗೆಯ ಅರಗಿನ ಮುದ್ರೆ ತೋರಿಸಿದೆ. ಅಜ್ಜಿ ಅದನ್ನು ಮುಟ್ಟಿ ನೋಡಿ, ಒಲ್ಲದ ಮನಸ್ಸಿನಿಂದ ಗಂಟು ಬಿಚ್ಚಿ ಚೀಟಿ ಹಾಕಿತು. ನಾವು ಉಸಿರು ಬಿಡುವಷ್ಟರಲ್ಲಿ ಪೆಟ್ಟಿಗೆಯನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿತು! ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಯಿತೇ ಎಂದು ನಮ್ಮಲ್ಲಿ ನೋಡುವುದು ಹಾಗೆಯೇ. ಒಳಗೆ ಲೊಟಲೊಟ ಅಂದರೆ ಒಣಗಿದೆ ಎಂದು.

"ಸದ್ದೇ ಇಲ್ವಲ್ಲವ್ವ!"

"ಇನ್ನೂ ಹಸಿ ಐತೆ ಕಣಜ್ಜಿ. ಎಣಿಸೋ ದಿನಕ್ಕೆ ಒಣಗ್ತದೆ ಬುಡು" ಎಂದ ಏಜೆಂಟು.

ಅಜ್ಜಿಗೆ ಸಮಾಧಾನವಾಯಿತು. ಬಾಗಿಲಲ್ಲಿ ನಿಂತಿದ್ದ ಎರಡನೇ ಕಾಯಿಯವಳ ಕೈ ಹಿಡಿದು ಹೇಳಿತು:

"ಪೆಟ್ಟಿಗೆಗೇ ಹಾಕು ಕಣೇ. ಆದ್ರೆ ಅಲ್ಲಾಡಿಸ್ಬೇಡ, ನಂದು ಒಣಗ್ಲಿ. ಹಿಂದಿನೋರ್ಗೂ ಹೇಳು!"